ವಿಷವಿಲ್ಲದ ವೇಷಗಾರ

ಈಕ್ವೆಡಾರಿನ ಅಮೆಜಾನ್ ಕಾಡಿನಲ್ಲಿ, ತರಗೆಲೆಗಳ ನಡುವೆ ಹಗಲಲ್ಲೇ ಓಡಾಡುವ ಪುಟ್ಟ ಕಪ್ಪೆ ಅಲೋಬೇಟಿಸ್ ಝಪಾರೋ. ಒಂದು ಅಂಗುಲದ ಆಸುಪಾಸು. ಮೈಯಲ್ಲಿ ವಿಷವಿಲ್ಲ, ಆದರೆ ಆ ವೇಷಗಾರಿಕೆ ನೋಡಬೇಕು! ಬೆನ್ನಿನ ಕೆಂಪು ಬರೀ ಬಣ್ಣವಲ್ಲ. ನೆರೆಯ ವಿಷಗಪ್ಪೆಯ ಬೆನ್ನಿನಂತೆಯೇ, ರವೆ ಉದುರಿಸಿದ ಹಾಗೆ ತರಿತರಿ.

ನನ್ನ ಕಣ್ಣು ನಿಲ್ಲುವುದು ಕಂಕುಳಿನ ಮೇಲೆ. ಅಮೀರೇಗಾ ಬೈಲಿಂಗ್ವಿಸ್ ಎಂಬ ವಿಷಗಪ್ಪೆಗೆ ಕಂಕುಳಲ್ಲಿ, ತೊಡೆಸಂದಿಯಲ್ಲಿ ಹಳದಿ ಬೊಟ್ಟು. ಅದರ ಸೀಮೆಯ ಝಪಾರೋಗೂ ಅದೇ ಜಾಗದಲ್ಲಿ ಬೊಟ್ಟು. ದಕ್ಷಿಣದ ಅಮೀರೇಗಾ ಪಾರ್ವುಲಾಗೆ ಕಂಕುಳಲ್ಲಿ ಎದ್ದು ಕಾಣುವ ಹಳದಿಯಿಲ್ಲ. ಅಲ್ಲಿನ ಝಪಾರೋಗೂ ಇಲ್ಲ. ಬೊಟ್ಟಿಡುವುದು ಸರಿ, ಬೇಡವಾದಲ್ಲಿ ಬಿಡುವ ಹದವಿದೆಯಲ್ಲ, ಅದು ದೊಡ್ಡದು.

ಈ ಎರಡೂ ವಿಷಗಪ್ಪೆಗಳು ಒಟ್ಟಿಗೆ ಇರುವಲ್ಲಿ? ಝಪಾರೋ ಕಟ್ಟುವುದು ಕಡುವಿಷದ ಪಾರ್ವುಲಾ ವೇಷ ಬಿಟ್ಟು, ಕಡಿಮೆ ವಿಷದ ಬೈಲಿಂಗ್ವಿಸ್ ವೇಷ. ವಿಜ್ಞಾನಿಗಳಾದ ಕ್ಯಾಥರಿನ್ ಡಾರ್ಸ್ಟ್ ಮತ್ತು ಮಾಲಿ ಕಮಿಂಗ್ಸ್ ಕೋಳಿಗಳನ್ನಿಟ್ಟು ಪರೀಕ್ಷಿಸಿ 2006ರಲ್ಲಿ ಇದರ ಗುಟ್ಟು ತೋರಿಸಿದರು. ಕಡುವಿಷಕ್ಕೆ ಬಾಯಿ ಹಾಕಿದ ಕೋಳಿ, ಅದನ್ನು ಅಷ್ಟಿಷ್ಟು ಹೋಲುವವನ್ನೂ ಬಿಡುತ್ತದೆ. ಕಡಿಮೆ ವಿಷ ಕಚ್ಚಿದ ಕೋಳಿ ಅದೇ ರೂಪವನ್ನಷ್ಟೇ ಬಿಡುತ್ತದೆ. ಹಾಗಾಗಿ ಬೈಲಿಂಗ್ವಿಸ್ ವೇಷ ಕಟ್ಟಿದವನಿಗೆ ಎರಡೂ ಕಡೆಯ ಕಾವಲು.

ಈ ವೇಷ ತಿದ್ದಿದ್ದು ಬೇಟೆಯಾಡುವ ಕಣ್ಣುಗಳೇ: ಹೋಲಿಕೆ ತಪ್ಪಿದ ಕಪ್ಪೆಗಳನ್ನು ಅವು ತಲೆತಲಾಂತರದಿಂದ ಆರಿಸಿ ತಿನ್ನುತ್ತ ಬಂದಿವೆ.