ಐದು ಅಂಕದ ಟಿಪ್ಪಣಿ

ಹೋದ ತಿಂಗಳು ಊರಿಗೆ, ಅಂದ್ರೆ ಜೇವರ್ಗಿ ತಾಲೂಕಿನ ಕೊಳಕೂರಿಗೆ ಹೋಗಿದ್ದೆ. ಅಕ್ಕನ ಮಗ ಕಟ್ಟಿ ಮ್ಯಾಲೆ ಕುಂತು ಬಾಯಿಪಾಠ ಮಾಡ್ತಿದ್ದ. ಅವನದು ಇತಿಹಾಸ ಎಂ.ಎ. ಕೈಯಲ್ಲಿ ಕನ್ನಡದ ಗೈಡು, ವಿಷಯ ಆಧುನಿಕ ಅಮೆರಿಕದ ಇತಿಹಾಸ. ನನ್ನನ್ನು ನೋಡಿದವನೇ ಕೇಳಿದ: "ಮಾಮಾ, ಲಿಂಕನ್ ಗುಲಾಮರನ್ನ ಬಿಡಿಸಿದ್ದು 1863ರಾಗೋ 1865ರಾಗೋ? ಗೈಡಿನ್ಯಾಗ ಎರಡೂ ಬರದಾರ."

ಎರಡೂ ಖರೆ ಅಂದೆ. 1863ರ ಘೋಷಣೆ ಅನ್ವಯವಾಗಿದ್ದು ಬಂಡಾಯವೆದ್ದ ಪ್ರದೇಶಗಳಿಗೆ ಮಾತ್ರ. ಇಡೀ ದೇಶಕ್ಕೆ ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾದದ್ದು 1865ರ ಹದಿಮೂರನೇ ತಿದ್ದುಪಡಿಯಿಂದ. ಅವನು ಅದನ್ನ ಗೈಡಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರಕೊಂಡ. ಈ ಪೇಪರು ನಾನೂ ಓದಿ ಪಾಸಾದವನೇ. ಹಳೇ ಪರಿಚಯ ಅಂತ ಗೈಡು ಇಸಕೊಂಡು ಆ ರಾತ್ರಿ ಪೂರಾ ಓದಿದೆ.

ಮೊದಲು ಗೈಡಿನ ಪರವಾಗಿ ಒಂದು ಮಾತು ಹೇಳಬೇಕು. ದಿನಾ ಬಸ್ಸಿಗೆ ಓಡಾಡಿ, ರಜಾ ದಿನ ಹೊಲಕ್ಕೆ ಹೋಗಿ ಓದೋ ಹುಡುಗರಿಗೆ ಇಂಗ್ಲಿಷಿನ ದಪ್ಪ ಪುಸ್ತಕ ಕೈಗೆ ಎಟುಕೋದಿಲ್ಲ. ಅವರನ್ನ ದಾಟಿಸಿದ್ದು ಇಂಥಾ ಗೈಡುಗಳೇ. ನನ್ನನ್ನೂ ದಾಟಿಸಿವೆ. ನನ್ನ ತಕರಾರು ಗೈಡು ಸಣ್ಣದು ಅಂತಲ್ಲ. ಯಾವುದಕ್ಕೆ ಎಷ್ಟು ಜಾಗ ಕೊಟ್ಟಿದೆ ಅನ್ನೋದರ ಬಗ್ಗೆ.

ಅಂತರ್ಯುದ್ಧಕ್ಕೆ ಹನ್ನೆರಡು ಪುಟ ಇದೆ. ಕಾರಣಗಳು, ಕದನಗಳು, ಸೇನಾಪತಿಗಳು, ಪರಿಣಾಮಗಳು. ಅದರ ಮುಂದೆ ಬರುವ ಪುನರ್ರಚನೆಯ ಕಾಲ, 1865ರಿಂದ 1877ರವರೆಗಿನದು, ಅರ್ಧ ಪುಟ. ಐದು ಅಂಕದ ಟಿಪ್ಪಣಿ. ನೀಗ್ರೋಗಳಿಗೆ ಸ್ವಾತಂತ್ರ್ಯ, ಪೌರತ್ವ, ಮತದಾನದ ಹಕ್ಕು ಸಿಕ್ಕವು. ಆದರೆ ದಕ್ಷಿಣದಲ್ಲಿ ಭ್ರಷ್ಟಾಚಾರ, ಅವ್ಯವಸ್ಥೆ ಹೆಚ್ಚಿತು. ಕೊನೆಗೆ ಶಾಂತಿ ನೆಲೆಸಿತು ಅನ್ನೋದು ಅದರ ಸಾರ.

ಯಾರಿಗೆ ಶಾಂತಿ ಅಂತ ಗೈಡು ಕೇಳೋದಿಲ್ಲ. ನಾನೂ ಓದುವಾಗ ಕೇಳಿರಲಿಲ್ಲ.

1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಒಂದು ಆದೇಶ ಹೊರಡಿಸಿದ. ದಕ್ಷಿಣದ ಕರಾವಳಿ ಪಟ್ಟಿಯಲ್ಲಿ ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆಯವರೆಗೆ ಭೂಮಿ ಕೊಡಬೇಕು ಅಂತ. ಜನ ಹೋಗಿ ಉಳುಮೆನೂ ಶುರು ಮಾಡಿದರು. ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾಯಿತು. ಅವನ ನಂತರ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೇ ಧಣಿಗಳಿಗೆ ವಾಪಸ್ ಕೊಡಿಸೋಕೆ ಶುರು ಮಾಡಿದ. ಅಂದರೆ ಬಿಡುಗಡೆ ಸಿಕ್ಕಿತು, ಹೊಲ ಸಿಗಲಿಲ್ಲ. ಹೊಟ್ಟೆಗೆ ಬೇಕಲ್ಲ, ಮತ್ತೆ ಅದೇ ಧಣಿಯ ಹತ್ತಿ ಹೊಲವನ್ನ ಪಾಲಿಗೆ ಮಾಡೋಕೆ ನಿಂತರು. ಬೀಜ, ಬಟ್ಟೆ, ಜೋಳದ ಹಿಟ್ಟು ಎಲ್ಲಾ ಅಂಗಡಿಯಿಂದ ಉದ್ರಿ. ಅದಕ್ಕೆ ಬರೋ ಬೆಳೆಯೇ ಅಡವು. ಸುಗ್ಗಿಯಲ್ಲಿ ಲೆಕ್ಕ ಹಾಕುವವನು ಅಂಗಡಿಯವನು ಇಲ್ಲವೇ ಧಣಿ. ಅಕ್ಷರ ಬರದವನು ತಲೆ ಆಡಿಸಬೇಕು. ಬಾಕಿ ಮುಂದಿನ ವರ್ಷಕ್ಕೆ.

ಇದನ್ನ ಅಕ್ಕನ ಮಗನಿಗೆ ಹೇಳುವಾಗ ಒಳಗಿದ್ದ ಅಪ್ಪ ಹೊರಗೆ ಬಂದ. "ಇದು ಅಡತಿ ಲೆಕ್ಕ ಅಲ್ಲೇನೋ?" ಅಂದ. ಬಿತ್ತುವಾಗ ಮುಂಗಡ ಕೊಟ್ಟು, ಮಾಲು ತನ್ನ ಅಂಗಡಿಗೇ ಬರಬೇಕು ಅಂತ ಕಟ್ಟುಹಾಕೋ ಲೆಕ್ಕ ಅಪ್ಪನಿಗೆ ಯಾವ ಪ್ರೊಫೆಸರೂ ಹೇಳಿಕೊಡಬೇಕಾಗಿಲ್ಲ. ಮುತ್ಯಾ ವರ್ಷದ ಆಳಾಗಿ ದುಡಿದವನು. ನಮ್ಮ ಹೈದರಾಬಾದ್ ಸೀಮೆಯಲ್ಲಿ ಜಾಗೀರು ರದ್ದಾದದ್ದು 1949ರಲ್ಲಿ, ಗೇಣಿ ಕಾಯ್ದೆ ಬಂದದ್ದು 1950ರಲ್ಲಿ, ಜೀತ ರದ್ದಿನ ಕಾಯ್ದೆ 1976ರಲ್ಲಿ. ಕಾಯ್ದೆ ಬಂದ ವರ್ಷಕ್ಕೂ ಅದು ಮನಿ ಬಾಗಿಲಿಗೆ ಬಂದ ವರ್ಷಕ್ಕೂ ಎಷ್ಟು ಅಂತರ ಇರತದ ಅಂತ ನಮ್ಮ ಓಣಿಯ ಹಿರಿಯರನ್ನ ಕೇಳಿ ನೋಡಿ.

ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಜಾತಿ ಬೇರೆ, ಬಣ್ಣ ಬೇರೆ. ಸಮುದ್ರ ದಾಟಿಸಿ ಮಾರಿದ ಜನರ ಕಥೆಯೊಳಗೆ ನಮ್ಮ ಕಥೆಯನ್ನ ತುರುಕಬಾರದು. ಆದರೆ ಹಕ್ಕು ಕೊಟ್ಟು ಹೊಲ ಕೊಡದೇ ಇದ್ದರೆ ಏನಾಗತದ ಅನ್ನೋ ಪ್ರಶ್ನೆ ಎರಡೂ ಕಡೆ ಇದೆ. ಅಮೆರಿಕದ ಇತಿಹಾಸ ನಮಗೆ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಕಂಡಿಲ್ಲ.

ಮತದಾನದ ಕಥೆನೂ ಹಂಗೇ. 1870ರಲ್ಲಿ ಹದಿನೈದನೇ ತಿದ್ದುಪಡಿ ಬಂತು. ಅದೇ ವರ್ಷ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಅನ್ನೋ ಕಪ್ಪು ಮನುಷ್ಯ ಸೆನೆಟ್ಟಿನಲ್ಲಿ ಕೂತ. 1877ರಲ್ಲಿ ಕೇಂದ್ರ ಸರ್ಕಾರ ದಕ್ಷಿಣದಲ್ಲಿದ್ದ ಸೈನ್ಯದ ರಕ್ಷಣೆ ಹಿಂದೆಗೆದುಕೊಂಡಿತು. ಆಮೇಲೆ ಮತದಾನಕ್ಕೆ ತೆರಿಗೆ, ಓದು-ಬರಹದ ಪರೀಕ್ಷೆ, ಅದಕ್ಕೂ ಬಗ್ಗದವರಿಗೆ ಬಂದೂಕು. ಕಾಗದದ ಮೇಲಿನ ಹಕ್ಕು ದಕ್ಷಿಣದಲ್ಲಿ ಮತ್ತೆ ಜೀವ ಪಡೆದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. ನಡುವೆ 95 ವರ್ಷ. ಗೈಡಿನಲ್ಲಿ 1870 ಒಂದು ಪಾಠದಲ್ಲಿದೆ, 1965 ಇನ್ನೊಂದು ಪಾಠದಲ್ಲಿದೆ. ಎರಡನ್ನೂ ಕೂಡಿಸುವ ಒಂದು ಸಾಲು ಎಲ್ಲೂ ಇಲ್ಲ.

ಆ 'ಭ್ರಷ್ಟಾಚಾರ, ಅವ್ಯವಸ್ಥೆ' ಅನ್ನೋ ಮಾತು ಎಲ್ಲಿಂದ ಬಂತು? ಅದಕ್ಕೂ ಒಂದು ಇತಿಹಾಸ ಇದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡನ್ನಿಂಗ್ ಅನ್ನೋ ಪ್ರೊಫೆಸರ್ ಇದ್ದ. ಕಪ್ಪು ಜನರಿಗೆ ಮತ ಕೊಟ್ಟದ್ದೇ ತಪ್ಪು, ಪುನರ್ರಚನೆ ಒಂದು ದುರಂತ ಅನ್ನೋದು ಅವನ ಮತ್ತು ಅವನ ಶಿಷ್ಯರ ವಾದ. ಬಹಳ ವರ್ಷ ಅದೇ ಪಠ್ಯಪುಸ್ತಕದ ಸತ್ಯವಾಗಿತ್ತು. 1935ರಲ್ಲಿ ಡಬ್ಲ್ಯು.ಇ.ಬಿ. ಡು ಬಾಯ್ಸ್ ದೊಡ್ಡದೊಂದು ಗ್ರಂಥ ಬರೆದು ಅದನ್ನ ಎದುರಿಸಿದರು. ಕಡೆಗೆ 1988ರಲ್ಲಿ ಅದೇ ಕೊಲಂಬಿಯಾದ ಎರಿಕ್ ಫೋನರ್ ಬರೆದ ಪುಸ್ತಕದ ಹೊತ್ತಿಗೆ ಡನ್ನಿಂಗನ ವಾದಕ್ಕೆ ವಿದ್ವಾಂಸರಲ್ಲಿ ಬೆಲೆ ಉಳಿದಿರಲಿಲ್ಲ. ನಮ್ಮ ಗೈಡಿನಲ್ಲಿ ಮಾತ್ರ ಡನ್ನಿಂಗ್ ಹೆಸರಿಲ್ಲದೇ ಇನ್ನೂ ಪಾಠ ಹೇಳ್ತಿದ್ದಾನೆ.

ಇನ್ನೊಂದು ಸಂಗತಿ. ಡನ್ನಿಂಗ್ ಪಾಠ ಮಾಡ್ತಿದ್ದ ಆ ವಿಶ್ವವಿದ್ಯಾಲಯದಲ್ಲೇ 1913ರಿಂದ 1916ರವರೆಗೆ ಬಾಬಾಸಾಹೇಬ್ ಅಂಬೇಡ್ಕರ್ ಓದಿದರು. ಅರ್ಥಶಾಸ್ತ್ರದ ಜೊತೆಗೆ ಇತಿಹಾಸವನ್ನೂ ಓದಿದರು. 1946ರಲ್ಲಿ ಅವರೇ ಡು ಬಾಯ್ಸ್‌ಗೆ ಕಾಗದ ಬರೆದರು, ಉತ್ತರವೂ ಬಂತು. ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ ಅವರು ಕೇಳಿದ್ದರು. ಸಂವಿಧಾನ ಸಭೆ ಸೇರೋಕೆ ಕೆಲವೇ ತಿಂಗಳಿತ್ತು. ಅಮೆರಿಕದ ಇತಿಹಾಸವನ್ನ ನಮ್ಮವರೊಬ್ಬರು ಅಂಕಕ್ಕಲ್ಲ, ಕೆಲಸಕ್ಕೆ ಅಂತ ಓದಿದ ರೀತಿ ಇದು. ಓಣಿ ಓಣಿಗೆ ಅವರ ಫೋಟೋ ಇರುವ ನಮ್ಮ ಜಿಲ್ಲೆಯ ಹುಡುಗರು ಓದೋ ಗೈಡಿನಲ್ಲಿ ಈ ಮಾತಿಗೆ ಒಂದು ಸಾಲೂ ಜಾಗ ಇಲ್ಲ.

ಬದಲಾಯಿಸೋಕೆ ಬಹಳ ಖರ್ಚಿಲ್ಲ. 'ಪುನರ್ರಚನೆ: ಟಿಪ್ಪಣಿ ಬರೆಯಿರಿ' ಅನ್ನೋದರ ಬದಲಿಗೆ 'ಬಿಡುಗಡೆಯಾದವರಿಗೆ ಭೂಮಿ ಯಾಕೆ ಸಿಗಲಿಲ್ಲ?' ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು. ಮುಂದಿನ ವರ್ಷ ಗೈಡು ತಾನೇ ಬದಲಾಗತದ. ಗೈಡು ಬರೆಯುವವರು ನೋಡೋದು ಪ್ರಶ್ನೆಪತ್ರಿಕೆಯನ್ನೇ.

ಬೆಳಿಗ್ಗೆ ಹೊರಡುವಾಗ ಅಕ್ಕನ ಮಗ ಬಸ್ ಸ್ಟ್ಯಾಂಡ್ ತನಕ ಬಂದ. "ಮಾಮಾ, ನೀ ಹೇಳಿದ್ದು ಬರದ್ರ ಮಾರ್ಕ್ಸ್ ಕೊಡ್ತಾರೇನು?" ಅಂದ. ಅವನಿಗೆ ಫಸ್ಟ್ ಕ್ಲಾಸ್ ಬೇಕು, ಮನೆಗೆ ಅವನ ನೌಕರಿ ಬೇಕು. ಎಲ್ಲಾ ಬಿಟ್ಟು ಇದನ್ನೇ ಬರಿ ಅನ್ನೋ ಧೈರ್ಯ ನನಗಾಗಲಿಲ್ಲ. "ಗೈಡಿನ ಐದು ಪಾಯಿಂಟ್ ಮೊದಲು ಬರಿ, ಕೆಳಗ ಅಪ್ಪ ಹೇಳಿದ ಅಡತಿ ಲೆಕ್ಕ ಬರಿ" ಅಂದೆ. ಬಸ್ಸು ಬಂತು. ಅವನು ಬರೀತಾನೋ ಇಲ್ಲೋ ಗೊತ್ತಿಲ್ಲ. ಬರೆದರೆ, ಪೇಪರ್ ನೋಡೋರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆಯುವ ಮೊದಲು ಎರಡು ಸಲ ಓದಲಿ ಅನ್ನೋದಷ್ಟೇ ನನ್ನ ವಿನಂತಿ.