ಹಳೆಯ ಕಾರು: ಹೊಳಪನ್ನಷ್ಟೇ ನೋಡಿದರೆ ಸಾಕೆ?

ಸವದತ್ತಿ ಸೀಮೆಯ ಸಿರಸಂಗಿಗೆ ಹೋದವರು ಕಾಳಮ್ಮನ ಗುಡಿ ನೋಡದೆ ಹಿಂದಿರುಗುವುದಿಲ್ಲ. ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ - ಈ ಐದರಲ್ಲಿ ಕೆಲಸ ಮಾಡುವ ವಿಶ್ವಕರ್ಮರು ಈ ದೇವಿಗೆ ದೂರದೂರದಿಂದ ಬಂದು ನಡೆದುಕೊಳ್ಳುತ್ತಾರೆ. ಹಳೆಯ ಕಾರುಗಳ ವಿಚಾರವನ್ನು ಈ ಊರಿನಿಂದ ಏಕೆ ಆರಂಭಿಸಬೇಕು ಎಂದು ನೀವು ಕೇಳಬಹುದು. ಕಾರಣವಿದೆ.

ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಮೇಲೆ ಕೂರಿಸಿ ನೀರು ಸುರಿಯುತ್ತಾರೆ. 1.5 ಮೀಟರ್ ವ್ಯಾಸದ ಹಳಿಯ ಸುತ್ತಳತೆ ಸುಮಾರು 4.7 ಮೀಟರ್. ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಸುತ್ತಳತೆ ಸುಮಾರು 28 ಮಿಲಿಮೀಟರ್ ಹಿಗ್ಗುತ್ತದೆ. ತಣಿದಾಗ ಅಷ್ಟೇ ಕುಗ್ಗಿ ಗಾಲಿಯ ಕೀಲುಗಳನ್ನೆಲ್ಲ ಬಿಗಿಹಿಡಿಯುತ್ತದೆ. 1908ರಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರದ ಅರೆಗಳೂ ಮರದವೇ. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಕಂಪನಿ ಚಾಸಿ ಮತ್ತು ಎಂಜಿನನ್ನಷ್ಟೇ ಮಾರುತ್ತಿತ್ತು. ಮರದ ಚೌಕಟ್ಟಿನ ಮೇಲೆ ಲೋಹದ ತಗಡನ್ನು ಬಡಿದು ಕಾರಿಗೆ ಮೈ ಕೊಡುತ್ತಿದ್ದವರು ಬೇರೆಯ ಕುಶಲಕರ್ಮಿಗಳು. ಹಳೆಯ ಕಾರು ಎಂದರೆ ಬಡಗಿ, ಕಮ್ಮಾರರ ಕೈಯೂ ಕಾರ್ಖಾನೆಯ ಯಂತ್ರವೂ ಕೂಡಿದ ಕಾಲದ ವಸ್ತು.

ಇಂಥ ವಸ್ತುವನ್ನು ನಾವು ನೋಡುವ ಬಗೆ ಹೇಗಿದೆ? ನಮ್ಮ ರಾಜ್ಯದಲ್ಲೇ ಧರ್ಮಸ್ಥಳದಲ್ಲಿ ಮತ್ತು ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ನೋಡುವ ಅವಕಾಶವಿದೆ. ಊರೂರಿನಲ್ಲಿ ಹಳೆಯ ಕಾರುಗಳ ಮೆರವಣಿಗೆಗಳೂ ನಡೆಯುತ್ತವೆ. ನೋಡಲು ಹೋದ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಮೂರು: ಯಾವ ರಾಜರದ್ದು, ಬೆಲೆ ಎಷ್ಟು, ಈಗಲೂ ಓಡುತ್ತದೆಯೇ? ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡರೆ ಭೇಟಿ ಮುಗಿಯಿತು. ಈ ಮೆಚ್ಚುಗೆಯಲ್ಲಿ ವಿಜ್ಞಾನಕ್ಕೆ ಜಾಗವೇ ಇಲ್ಲ ಎಂಬುದು ನನ್ನ ಆಕ್ಷೇಪ.

ಮೊದಲು ಹೊಳಪಿನ ಮಾತು. ಹಳೆಯ ಬಣ್ಣವನ್ನು ಪೂರ್ತಿ ಕೆರೆದು ಹೊಸ ಬಣ್ಣ ಹೊಡೆದ ಕಾರು ಕಣ್ಣಿಗೆ ಹಬ್ಬ, ನಿಜ. ಆದರೆ ಮೂಲ ಬಣ್ಣದ ಪದರ, ತಗಡಿನ ಮೇಲಿನ ಸುತ್ತಿಗೆಯ ಗುರುತು, ಹಿಂದೆ ಯಾರೋ ಮಾಡಿದ ಬೆಸುಗೆ - ಇವೆಲ್ಲ ಸಾಕ್ಷ್ಯಗಳು. ಹಳೆಯ ಗುಡಿಯ ಶಾಸನವನ್ನು ಉಜ್ಜಿ ನುಣುಪು ಮಾಡಿದರೆ ಕಲ್ಲು ಹೊಳೆಯುತ್ತದೆ, ಅಕ್ಷರ ಹೋಗುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು, ಇದ್ದದ್ದನ್ನು ಉಳಿಸುವುದಕ್ಕೂ ಹೊಸದಾಗಿ ಕಟ್ಟುವುದಕ್ಕೂ ಇರುವ ಅಂತರವನ್ನು ಸ್ಪಷ್ಟವಾಗಿ ಗುರುತಿಸಿದೆ. ತುಕ್ಕು ತಡೆಯಲು ಬಣ್ಣ ಬೇಕೇ ಬೇಕು. ಎಲ್ಲಿ, ಏನು ಬದಲಾಯಿಸಿದೆವು ಎಂದು ಬರೆದಿಡುವುದೂ ಅಷ್ಟೇ ಅಗತ್ಯ.

ಎರಡನೆಯದು ಎಂಜಿನ್. ಮಾಡೆಲ್ ಟಿ ಕಾರಿನ ಎಂಜಿನ್ 2.9 ಲೀಟರಿನದು, ಶಕ್ತಿ ಕೇವಲ 20 ಅಶ್ವಶಕ್ತಿ. ಅಂದರೆ ಲೀಟರಿಗೆ ಸುಮಾರು 7. ಇಂದು 1.2 ಲೀಟರಿನ ಚಿಕ್ಕ ಎಂಜಿನ್ 80 ಅಶ್ವಶಕ್ತಿ ಕೊಡುತ್ತದೆ. ಅಂದಿನವರು ದಡ್ಡರೇ? ಅಲ್ಲ. ಆಗಿನ ಪೆಟ್ರೋಲನ್ನು ಹೆಚ್ಚು ಒತ್ತಿದರೆ ಅದು ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ ಬಡಿದುಕೊಳ್ಳುತ್ತಿತ್ತು. ಹೀಗಾಗಿ ಸಂಪೀಡನಾ ಅನುಪಾತವನ್ನು 4.5ರ ಆಸುಪಾಸಿನಲ್ಲೇ ಇಡಬೇಕಾಯಿತು. ಆಟೊ ಆವರ್ತದ ಸೂತ್ರಕ್ಕೆ 4.5 ಹಾಕಿ ನೋಡಿ. ಸೈದ್ಧಾಂತಿಕ ದಕ್ಷತೆ ಶೇಕಡ 45 ಬರುತ್ತದೆ. 10 ಹಾಕಿದರೆ ಶೇಕಡ 60. ವಾಸ್ತವದಲ್ಲಿ ಎರಡೂ ಇದಕ್ಕಿಂತ ಬಹಳ ಕಡಿಮೆ; ಆದರೂ ದಿಕ್ಕು ಇದೇ. ಕಾರಿನ ಮುಂದಿನ ಫಲಕದಲ್ಲಿ ಈ ಎರಡು ಸಾಲು ಬರೆದಿದ್ದರೆ ಪಿಯುಸಿ ವಿದ್ಯಾರ್ಥಿಗೆ ಅದೊಂದು ಪಾಠವಾಗುತ್ತಿತ್ತು.

ಮೂರನೆಯದು ಹೆಚ್ಚು ಗಂಭೀರ. “ಹಳೆಯ ಕಾರಿನ ಕಬ್ಬಿಣ ಗಟ್ಟಿ, ಈಗಿನವು ಬರೀ ಡಬ್ಬ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಲಿಬು ಕಾರುಗಳನ್ನು ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಮುಖಾಮುಖಿ ಡಿಕ್ಕಿ ಹೊಡೆಸಿತು. ಹಳೆಯ ಕಾರಿನಲ್ಲಿ ಚಾಲಕ ಕೂರುವ ಜಾಗವೇ ಕುಸಿಯಿತು. ಅಲ್ಲಿ ಬೊಂಬೆಯ ಬದಲು ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ. ಹೊಸ ಕಾರಿನಲ್ಲಿ ಮುಂಭಾಗ ಮುದುಡಿತು, ಕೂರುವ ಜಾಗ ಉಳಿಯಿತು. ಲೆಕ್ಕ ಸರಳ. ಆ ವೇಗದಲ್ಲಿರುವ ದೇಹ 20 ಸೆಂಟಿಮೀಟರಿನಲ್ಲಿ ನಿಂತರೆ ಅದರ ಮೇಲೆ ಗುರುತ್ವದ 80 ಪಟ್ಟು ಅವತ್ವರಣ ಬೀಳುತ್ತದೆ. 60 ಸೆಂಟಿಮೀಟರಿನಲ್ಲಿ ನಿಂತರೆ 27 ಪಟ್ಟು. ಮುಂಭಾಗ ಮುದುಡುವುದು ದೋಷವಲ್ಲ, ಅದೇ ರಕ್ಷಣೆ. ಹಳೆಯ ಕಾರನ್ನು ಹೊಗಳುವ ಭರದಲ್ಲಿ ಈ ತಪ್ಪು ತಿಳಿವಳಿಕೆಯನ್ನು ಮಕ್ಕಳ ತಲೆಗೆ ತುಂಬುವುದು ಅಪಾಯಕಾರಿ.

ಹಾಗೆಂದು ಎಲ್ಲವನ್ನೂ ಮೂಲದಂತೆಯೇ ಇಡಬೇಕೆಂಬ ಹಟವೂ ಸಲ್ಲದು. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಅದು ಎಂಜಿನಿನ ಬಡಿತವನ್ನು ತಡೆಯುತ್ತಿತ್ತು, ಕವಾಟದ ಪೀಠಗಳನ್ನು ಸವೆತದಿಂದ ಕಾಯುತ್ತಿತ್ತು. ಜೊತೆಗೆ ಮಕ್ಕಳ ಮೆದುಳಿಗೆ ವಿಷವೂ ಆಗಿತ್ತು. ಭಾರತ 2000ದಲ್ಲಿ ಅದನ್ನು ಕೈಬಿಟ್ಟಿತು. ಆ ಕಾಲದ ಎಂಜಿನಿಗೆ ಈಗ ಗಡಸು ಲೋಹದ ಪೀಠ ಹಾಕುವುದು ಮೂಲಕ್ಕೆ ಬಗೆದ ದ್ರೋಹವಲ್ಲ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮ, 50 ವರ್ಷ ಮೀರಿದ, ಮೂಲರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಬೇರೆ ನೋಂದಣಿ ಕೊಡುತ್ತದೆ; ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ, ದುರಸ್ತಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಯಲು ಬಿಡುತ್ತದೆ. ನಿತ್ಯದ ಓಡಾಟಕ್ಕೆ ಅವು ತಕ್ಕವಲ್ಲವೆಂದು ಮೇಲಿನ ಲೆಕ್ಕವೂ ಹೇಳುತ್ತದೆ.

ಶಿಕ್ಷಕರಲ್ಲಿ ಒಂದು ವಿನಂತಿ. ಮುಂದಿನ ಬಾರಿ ಪ್ರವಾಸದಲ್ಲಿ ಹಳೆಯ ಕಾರು ಕಂಡಾಗ, “ಯಾರದ್ದು?” ಎಂಬುದರ ಜೊತೆಗೆ “ಇದು ಏಕೆ ಹೀಗಿದೆ?” ಎಂದೂ ಮಕ್ಕಳಿಂದ ಕೇಳಿಸಿ. ಪ್ರವಾಸಕ್ಕೆ ಹಣವಿಲ್ಲದಿದ್ದರೆ ನಿಮ್ಮೂರಿನ ಕಮ್ಮಾರಸಾಲೆಗೋ ಗ್ಯಾರೇಜಿಗೋ ಕರೆದುಕೊಂಡು ಹೋಗಿ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಅಲ್ಲೆಲ್ಲೋ ಮೂಲೆಯಲ್ಲಿ ನಿಂತಿರಬಹುದು. ಅದರ ಬಾನೆಟ್ ಎತ್ತಿಸಿ, ಹಿರಿಯ ಮಿಸ್ತ್ರಿಯಿಂದ ಒಂದೊಂದು ಭಾಗದ ಕೆಲಸ ಹೇಳಿಸಿ, ಮಕ್ಕಳಿಂದ ಬರೆಸಿಡಿ. ಕಾರು ಗುಜರಿಗೆ ಹೋದರೂ, ಆ ಮಿಸ್ತ್ರಿಗೆ ಗೊತ್ತಿದ್ದುದು ನಿಮ್ಮ ಶಾಲೆಯಲ್ಲಿ ಉಳಿಯುತ್ತದೆ.