ಪೊಟ್ಟಣದ ಹಿಂಬದಿ

ಸೂಪರ್‌ಮಾರ್ಕೆಟ್ಟಿನ ತಿಂಡಿ ಸಾಲಿನಲ್ಲಿ ಓದಬೇಕಾದದ್ದು ಪೊಟ್ಟಣದ ಹಿಂಬದಿ. ಮುಂಬದಿ ಜಾಹೀರಾತಿನವರದು, ಹಿಂಬದಿಯನ್ನು ಬರೆಸುವುದು ಕಾನೂನು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಹೆಚ್ಚು ಇರುವ ಪದಾರ್ಥ ಮೊದಲು, ಕಡಿಮೆ ಇರುವುದು ಆಮೇಲೆ ಬರಬೇಕು. ಹಾಗಾಗಿ ಡಬ್ಬಿಯ ಮುಂದೆ ರಾಗಿ ತೆನೆಯ ಚಿತ್ರವಿದ್ದು, ಹಿಂದಿನ ಪಟ್ಟಿಯಲ್ಲಿ ಮುಸುಕಿನ ಜೋಳ, ಸಕ್ಕರೆ, ಆಮೇಲೆ ರಾಗಿ ಎಂದಿದ್ದರೆ, ಅದರಲ್ಲಿ ರಾಗಿಗಿಂತ ಸಕ್ಕರೆಯೇ ಜಾಸ್ತಿ. ಚಿತ್ರದಲ್ಲಿ ಎತ್ತಿ ತೋರಿಸಿದ ಪದಾರ್ಥ ಶೇಕಡಾ ಎಷ್ಟಿದೆ ಎಂಬುದನ್ನೂ ಅದೇ ನಿಯಮ ಬರೆಸುತ್ತದೆ. ಆದರೆ ಆ ನಿಯಮಕ್ಕೆ ಪಟ್ಟಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ತಿನ್ನುವವರಿಗೆ ಓದಲು ಬಾರದ ಭಾಷೆಯಲ್ಲಿ ಸತ್ಯ ಹೇಳಿದರೆ ಅದು ಅರ್ಧ ಹೇಳಿದಂತೆಯೇ.

ರವೆ ಇಡ್ಲಿ ಮಿಕ್ಸನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನಲ್ಲಿ ರವೆ ಹಾಕಿ ಇಡ್ಲಿ ಬೇಯಿಸಿ ನೋಡಿದರು ಎಂದು ಎಂಟಿಆರ್‌ನವರು ಹೇಳುತ್ತ ಬಂದಿದ್ದಾರೆ. ಅಭಾವದಲ್ಲಿ ಹುಟ್ಟಿದ ಜಾಣ ತಿಂಡಿ: ಹುಳಿಗೆ ಮೊಸರು, ಒಗ್ಗರಣೆಗೆ ತುಪ್ಪ, ಮೇಲೊಂದು ಗೋಡಂಬಿ. ಅದೇ ತಿಂಡಿ ಪೊಟ್ಟಣಕ್ಕೆ ಇಳಿದಾಗ ರವೆ ಉಳಿಯಿತು. ತುಪ್ಪದ ಜಾಗಕ್ಕೆ ಎಷ್ಟೋ ಮಿಕ್ಸ್‌ಗಳಲ್ಲಿ ತಾಳೆ ಎಣ್ಣೆ ಬಂತು. ಉಬ್ಬುವುದಕ್ಕೆ 500(ii), ಹುಳಿಗೆ 330. ಈ ಅಂಕಿಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಮೊದಲನೆಯದು ನಮ್ಮ ಅಡುಗೆ ಸೋಡಾ, ಎರಡನೆಯದು ಸಿಟ್ರಿಕ್ ಆಮ್ಲ. ಅದನ್ನು ನಿಂಬೆಹಣ್ಣು ಹಿಂಡಿ ತೆಗೆಯುತ್ತಾರೆಂದು ಬಹಳ ಮಂದಿ ತಿಳಿದಿದ್ದಾರೆ. ನಿಜದಲ್ಲಿ ದೊಡ್ಡ ತೊಟ್ಟಿಗಳಲ್ಲಿ ಸಕ್ಕರೆ ಅಥವಾ ಕಾಕಂಬಿಯ ಮೇಲೆ ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು ಬೆಳೆಸಿ ತಯಾರಿಸುತ್ತಾರೆ; ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾಗುವುದು ಚೀನಾದಲ್ಲಿ. ತಿಂದರೆ ಕೇಡಿಲ್ಲ, ನಷ್ಟವಾಗುವುದು ರುಚಿಗೆ. ಮೊಸರಿನ ಹುಳಿ ಬಾಯಿ ತುಂಬ ಹರಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಈ ಹುಳಿ ನಾಲಿಗೆಯ ತುದಿಗೆ ಚುರ್ರೆಂದು ತಾಗಿ ಹೋಗಿಬಿಡುತ್ತದೆ. ಹಿಟ್ಟಿಗೆ ಮೊಸರು ಕಲಸಿಕೊಳ್ಳಿ ಎಂದು ಹೇಳುವ ಮಿಕ್ಸ್‌ಗಳು ಎಷ್ಟೋ ವಾಸಿ.

ಫ್ರಿಜ್ಜಿನಲ್ಲಿಟ್ಟು ಮಾರುವ ದೋಸೆ ಹಿಟ್ಟಿನ ವಿಷಯದಲ್ಲಿ ನನಗೆ ಗೌರವವಿದೆ. ಅಕ್ಕಿ, ಉದ್ದು, ಮೆಂತ್ಯ, ನೀರು ಎಂದಷ್ಟೇ ಬರೆದಿರುವ ಪೊಟ್ಟಣ ಮನೆಯ ರುಬ್ಬುಗುಂಡಿಗೆ ಮೋಸ ಮಾಡುವುದಿಲ್ಲ. ಆದರೆ ಆ ಉದ್ದು ಎಲ್ಲಿಯದು? ನಮ್ಮ ದೇಶಕ್ಕೆ ಬೇಕಾದಷ್ಟು ಉದ್ದು ಇಲ್ಲಿ ಬೆಳೆಯುವುದಿಲ್ಲ. ಕೊರತೆ ತುಂಬುವುದು ಮುಖ್ಯವಾಗಿ ಮ್ಯಾನ್ಮಾರ್‌. ಓಟ್ಸ್ ಹೆಚ್ಚಾಗಿ ಬರುವುದು ಆಸ್ಟ್ರೇಲಿಯಾದಿಂದ, ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಹೊರಗಿನಿಂದ ತರುವುದಕ್ಕೆ ನನ್ನ ತಕರಾರಿಲ್ಲ, ಹೇಳದೆ ಇರುವುದಕ್ಕೆ ಇದೆ. ಸಿದ್ಧ ಪೊಟ್ಟಣವನ್ನೇ ಆಮದು ಮಾಡಿಕೊಂಡರೆ ದೇಶದ ಹೆಸರು ಹಾಕಬೇಕು. ಕಾಳು ತರಿಸಿ ಇಲ್ಲಿ ತಯಾರಿಸಿದರೆ ತಯಾರಕರ ವಿಳಾಸ ಸಾಕು. ಇದರಿಂದ ನಮ್ಮ ರೈತನೂ ಮರೆಯಾಗುತ್ತಾನೆ. ದಾವಣಗೆರೆ, ಹಾವೇರಿಯ ಮುಸುಕಿನ ಜೋಳ ಕೋಳಿ ಆಹಾರಕ್ಕೆ ಹೋಯಿತೋ, ಸ್ಟಾರ್ಚ್ ಕಾರ್ಖಾನೆಗೋ, ಕಾರ್ನ್‌ಫ್ಲೇಕ್ಸ್‌ಗೋ, ಪೊಟ್ಟಣ ಓದಿದವರಿಗೆ ತಿಳಿಯುವುದೇ ಇಲ್ಲ.

ಇದನ್ನೆಲ್ಲ ಬರೆದರೆ ಗಿರಾಕಿ ಓಡಿಹೋಗುತ್ತಾನೆ ಎಂಬ ಭಯವಿದ್ದರೆ ಕಾಫಿ ಪುಡಿಯನ್ನು ನೋಡಲಿ. ಚಿಕೋರಿ ಬೆರೆಸಿದ ಪೊಟ್ಟಣದ ಮೇಲೆ ಎರಡರ ಶೇಕಡಾ ಲೆಕ್ಕ ಹಾಕುವುದು ಬಹಳ ಕಾಲದಿಂದ ಕಡ್ಡಾಯ. ಚಿಕೋರಿಯ ಮಾರಾಟವೇನೂ ನಿಲ್ಲಲಿಲ್ಲ. ಗಿರಾಕಿಯೇ ಈಗ ಅಂಗಡಿಯಲ್ಲಿ ನಿಂತು "ಎಂಬತ್ತು-ಇಪ್ಪತ್ತು ಕೊಡಿ" ಎಂದು ಕೇಳುತ್ತಾನೆ. ಉದ್ದು ಎಲ್ಲಿಯದು, ಓಟ್ಸ್ ಎಲ್ಲಿಯದು ಎಂಬ ಒಂದು ಸಾಲು ಕನ್ನಡದಲ್ಲಿ ಸೇರಿಸಲು ಕಂಪನಿಗಳು ಹೊಸದಾಗಿ ಏನನ್ನೂ ಹುಡುಕಬೇಕಿಲ್ಲ. ಕಾಳು ಕೊಂಡ ಬಿಲ್ಲು ಅವರ ಕಚೇರಿಯಲ್ಲೇ ಇರುತ್ತದೆ.